ಗೆರ್ಡಾಳ ಅಡುಗೆಮನೆ ಇದ್ದ ಜಾಗ

“ಎಡಕ್ಕೆ! ಎಡಕ್ಕೆ ತಗೊಳ್ರಪ್ಪಾ, ಗಾಳಿಗಿರಣಿಗೆ ತಾಗತ್ತೆ!”

ಶವಪೆಟ್ಟಿಗೆ ಹೊತ್ತ ಆರು ಜನ ಎಡಕ್ಕೆ ವಾಲಿದರು. ಪೆಟ್ಟಿಗೆ ತಾಗಲಿಲ್ಲ. ಆದರೆ ಮುಂದಿನವನ ಟೋಪಿಯ ಗರಿಯ ಕುಚ್ಚು ಪಾರ್ಕಿನ ಮಿನಿ ಗಾಲ್ಫಿಗೆಂದು ನಿಲ್ಲಿಸಿದ್ದ ಆ ಆಟದ ಗಿರಣಿಯ ರೆಕ್ಕೆಗೆ ಸಿಕ್ಕಿ, ರೆಕ್ಕೆ ಅರ್ಧ ಸುತ್ತು ತಿರುಗಿ, ಅದರ ಮೇಲೆ ಕೂತಿದ್ದ ಹಿಮವೆಲ್ಲ ಅವನ ಕಾಲರಿನೊಳಗೆ ಇಳಿಯಿತು. ಹೆಣ ಹೊತ್ತಿದ್ದರಿಂದ ಬಯ್ಯುವಂತಿರಲಿಲ್ಲ. ಗಣಿಗಾರರ ಕರಿಕೋಟು, ಹಿತ್ತಾಳೆ ಗುಂಡಿ ಹಾಕಿಕೊಂಡಿದ್ದರೂ ವೃತ್ತಿಯಲ್ಲಿ ಅವನು ನಲ್ಲಿ ರಿಪೇರಿಯವನು. ಎರ್ಲಗ್ರೂನ್‌ನ ಗಣಿಗಾರರ ಸಂಘದಲ್ಲಿ ಈಗ ಇರುವವರೆಲ್ಲ ಇಂಥವರೇ: ನಲ್ಲಿಯವನು, ಕನ್ನಡಕದಂಗಡಿಯವನು, ಶಾಲೆಯ ಡ್ರಿಲ್ ಮಾಸ್ತರು. ನಿಜವಾಗಿ ನೆಲದೊಳಗೆ ಇಳಿದು ಬಂದವರು ಊರಲ್ಲಿ ಇಬ್ಬರೇ ಉಳಿದಿದ್ದರು. ಅವರಿಬ್ಬರಿಗೂ ಪೆಟ್ಟಿಗೆ ಹೊರುವ ವಯಸ್ಸು ದಾಟಿ ಹೊರಿಸಿಕೊಳ್ಳುವ ವಯಸ್ಸಾಗಿತ್ತು.

ಒಬ್ಬ ರೂಡಿ. ಇನ್ನೊಬ್ಬ ಎಗೋನ್ ವೈಗೆಲ್. ಪೆಟ್ಟಿಗೆಯಲ್ಲಿ ಮಲಗಿದ್ದವಳು ಎಗೋನನ ಹೆಂಡತಿ ಗೆರ್ಡಾ. ಅವನು ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ, ದಾರಿ ಗೊತ್ತಿರುವವನ ಹಾಗೆ ನಡೆಯುತ್ತಿದ್ದ.

“ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ,” ಎಂದ ಶವಸಂಸ್ಕಾರದ ಏರ್ಪಾಟಿನ ಟ್ರೋಗರ್, ಯಾರಿಗೆಂದಿಲ್ಲದೆ. “ಇವತ್ತಿನ ತನಕ ಯಾವ ಹೆಣಕ್ಕೂ ಗಾಲ್ಫ್ ಆಡಿಸಿರ್ಲಿಲ್ಲ.”

“ಚಳಿಗಾಲ ಅಲ್ವಾ, ಟಿಕೆಟ್ ಇರಲ್ಲ ಬಿಡಿ,” ಎಂದ ರೂಡಿ.

“ವೈಗೆಲ್ ಅವರೇ, ಚರ್ಚಲ್ಲಿ ಪಾದ್ರಿಗಳು ಕಾಯ್ತಿದಾರೆ. ಇನ್ನೆಷ್ಟು ದೂರ?”

“ಇಲ್ಲೇ,” ಎಂದ ಎಗೋನ್, ಕೋಲನ್ನು ಸುಮಾರಾಗಿ ಇಡೀ ಕಣಿವೆಗೆ ತೋರಿಸಿ.

ಈ ಪಾರ್ಕಿದ್ದ ಜಾಗದಲ್ಲೇ ಹಳೇ ಎರ್ಲಗ್ರೂನ್ ಇತ್ತು. ಮೊದಲು ಇಲ್ಲಿ ಬೆಳ್ಳಿ ಅಗೆದರು. ಬೆಳ್ಳಿ ಮುಗಿದ ಮೇಲೆ ಪಿಂಗಾಣಿಗೆ ನೀಲಿ ಬಣ್ಣ ಕೊಡುವ ಅದಿರು. ಅದೂ ಮುಗಿಯಿತು ಅನ್ನುವಾಗ ಬೆಟ್ಟದ ನೀರಿನಲ್ಲಿ ರೇಡಿಯಂ ಇದೆ ಎಂದು ಯಾರೋ ಪತ್ತೆ ಮಾಡಿ, ಬರ್ಲಿನ್ನಿನ ಸಿರಿವಂತರು ರೈಲು ಹತ್ತಿ ಬಂದು ಅದನ್ನು ಲೋಟಗಟ್ಟಲೆ ಕುಡಿದು ಹೋದರು. ಯುದ್ಧ ಮುಗಿದ ಮೇಲೆ ರಷ್ಯದವರು ಬಂದರು. ಅವರು ನೀರು ಕುಡಿಯುತ್ತ ಕೂರಲಿಲ್ಲ, ಯುರೇನಿಯಂ ಬೇಕೆಂದು ನೆಲವನ್ನೇ ತೆಗೆದುಕೊಂಡರು. ಊರಿನ ಕೆಳಗೆ ಊರಿಗಿಂತ ದೊಡ್ಡ ಊರೊಂದನ್ನು ತೋಡಿದ ಮೇಲೆ ಮೇಲಿನದಕ್ಕೆ ಕಾಲು ನಿಲ್ಲಲಿಲ್ಲ. ಗೋಡೆ ಬಿರಿಯಿತು, ಗೋಪುರ ವಾಲಿತು, ಮನೆಗಳನ್ನು ಕೆಡವಿ ಗುಂಡಿಗೆ ಕಲ್ಲು ಸುರಿದರು, ಹಳ್ಳವನ್ನೂ ಬೇರೆ ಕಡೆ ತಿರುಗಿಸಿದರು. ಇಬ್ಭಾಗವಾಗಿದ್ದ ದೇಶ ಒಂದಾಗಿ ಗಣಿ ಮುಚ್ಚಿದ ಮೇಲೆ ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು, ಹುಲ್ಲಿನ ಮೂಲೆಯಲ್ಲಿ ಮಿನಿ ಗಾಲ್ಫ್. ಈಗ ಸಂಧಿವಾತದವರು ಬಸ್ಸಿನಲ್ಲಿ ಬಂದು ಮತ್ತೆ ಅದೇ ನೀರಿನಲ್ಲಿ ಮುಳುಗಿ ಕೂರುತ್ತಾರೆ.

ಅಂಥ ಜಾಗದಲ್ಲಿ ಒಂದು ಹೊಸ್ತಿಲನ್ನು ಹುಡುಕಬೇಕಾಗಿತ್ತು. ಸತ್ತವರನ್ನು ಅವರ ಮನೆಯ ಹೊಸ್ತಿಲ ಮೇಲೆ ಮೂರು ಸಲ ಇಳಿಸಿ ಎತ್ತುವುದು ಈ ಬೆಟ್ಟದವರ ಪದ್ಧತಿ. ಮೊದಲನೆಯದು ಮನೆಗೆ, ಎರಡನೆಯದು ಮನೆಯವರಿಗೆ, ಮೂರನೆಯದು ಬಂದ ದಾರಿಗೆ ಅಗಳಿ ಹಾಕುವುದಕ್ಕೆ: ಹೋದವರು ತಿರುಗಿ ಬರಬಾರದು. ಲಿಫ್ಟಿನ ಮನೆಗಳು ಬಂದ ಮೇಲೆ ಈ ಪದ್ಧತಿ ತಾನಾಗಿಯೇ ಬಿಟ್ಟುಹೋಗಿತ್ತು. ಗೆರ್ಡಾ ಮಾತ್ರ ಬಿಟ್ಟಿರಲಿಲ್ಲ.

*

ಸಾವಿರದ ಒಂಬೈನೂರ ಐವತ್ತೈದರ ಶರತ್ಕಾಲ. ಗಣಿಯ ಕ್ಯಾಂಟೀನಿನಲ್ಲಿ ಶನಿವಾರದ ಕುಣಿತ. ಎಗೋನ್ ಉತ್ತರದ ಬಯಲಿನವನು, ಹೆಚ್ಚಿನ ರೇಷನ್ನಿನ ಆಸೆಗೆ ಗಣಿ ಸೇರಿದ್ದ. ಎದುರಿನ ಗೋಡೆಗೊರಗಿ ನಿಂತಿದ್ದ ಹುಡುಗಿಯನ್ನು ಮೂವರು ಕರೆದು ಮೂವರೂ ಮುಖ ಸಪ್ಪಗೆ ಮಾಡಿಕೊಂಡು ಬಂದಿದ್ದನ್ನು ನೋಡಿಯೂ ಅವನು ಹೋದ.

“ಗಣಿಯೋರ ಜೊತೆ ನಾನು ಕುಣಿಯಲ್ಲ,” ಎಂದಳು ಗೆರ್ಡಾ. “ನಮ್ಮನೆ ತಿಂದೋರು ನೀವು.”

“ಯಾವ ಬೀದಿ?”

“ಬಣ್ಣದ ಗಿರಣಿ ಬೀದಿ. ಬೇಕರಿ ಪಕ್ಕ. ಹೋದ ವರ್ಷ ಕೆಡವಿದ್ರು. ನಾನೂ ಅಮ್ಮನೂ ಕೈಗಾಡಿ ತಳ್ಕೊಂಡು ಬಂದ್ವಿ.”

ಆ ವರ್ಷ ಎಗೋನ್ ಎರಡು ಕಣಿವೆ ಆಚೆ ನೀರೆತ್ತುವ ಪಂಪಿನ ಪಕ್ಕ ಕೂತು ಇಸ್ಪೀಟು ಆಡುತ್ತಿದ್ದ. ಆದರೆ ಹುಡುಗಿಯ ಕಣ್ಣು ನೋಡಿದ ಮೇಲೆ ಎರಡು ಕಣಿವೆ ಯಾವ ಲೆಕ್ಕ?

“ಅಯ್ಯೋ, ಬೇಕರಿ ಪಕ್ಕದ ಮನೇನಾ? ನಾನು ಅದರ ಕೆಳಗೇ ಇದ್ದೆ ಕಣೇ! ಸರಿಯಾಗಿ ನಿಮ್ಮ ಅಡುಗೆಮನೆ ಕೆಳಗೆ. ಬೆಳಿಗ್ಗೆ ನೀವು ಕಾಫಿ ಬೀಸೋದು ಕೇಳಿಸ್ತಿತ್ತು. ಗರ್ ಗರ್ ಅಂತ. ನಮ್ಮ ಪಾಳಿಯೋರೆಲ್ಲ ಆ ಸದ್ದು ಕೇಳಿನೇ ಬುತ್ತಿ ಬಿಚ್ತಿದ್ವಿ.”

ಗೆರ್ಡಾ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈಯಲ್ಲಿದ್ದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, “ಒಂದೇ ಸುತ್ತು,” ಎಂದಳು.

ಆ ಒಂದು ಸುತ್ತು ಅರವತ್ತು ವರ್ಷ ಮೀರಿ ನಡೆಯಿತು. ಅವನು ಗಣಿಯಲ್ಲಿದ್ದಷ್ಟು ಕಾಲವೂ ಪಾಳಿಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು “ಗ್ಲ್ಯುಕ್ ಔಫ್” ಎನ್ನುತ್ತಿದ್ದಳು. ಕ್ಷೇಮವಾಗಿ ಮೇಲೆ ಬಾ, ಎಂದು ಗಣಿಗೆ ಇಳಿಯುವವರಿಗೆ ಹೇಳುವ ಮಾತು. ಬೇರೆ ಮುದ್ದಿನ ಮಾತು ಅವಳ ಬಾಯಲ್ಲಿ ಬಂದದ್ದು ಕಡಿಮೆ.

ಪಾರ್ಕಾದ ಮೇಲೆ ಭಾನುವಾರದ ತಿರುಗಾಟ ಇಲ್ಲಿಗೇ. ಒಂದು ಬೆಂಚಿನಲ್ಲಿ ಕೂತು, ತಂದ ಕೇಕನ್ನು ಕಾಗದದಿಂದ ಬಿಡಿಸುತ್ತ ಅವಳು ಕೇಳುವಳು: “ಎಲ್ಲಿತ್ತು ಹೇಳು, ನಮ್ಮ ಅಡುಗೆಮನೆ?”

ಎಗೋನ್ ತೋರಿಸುವನು.

“ಹೋದ ವಾರ ಆ ಕಡೆ ಅಂದಿದ್ದೆ.”

“ಬೆಂಚು ಸರಿಸಿದಾರೆ.”

“ಓಹೋ,” ಎಂದು ಅವಳು ಕೇಕನ್ನು ಎರಡು ಪಾಲು ಮಾಡುವಳು. ದೊಡ್ಡದು ಅವನಿಗೆ.

ಹೋದ ತಿಂಗಳು ಆಸ್ಪತ್ರೆಯಲ್ಲಿ, ಮಾತಾಡಿದರೆ ಉಸಿರು ಖರ್ಚಾಗುವ ಹೊತ್ತಿನಲ್ಲಿ, ಅವಳು ಅವನ ತೋಳು ಹಿಡಿದು ಹೇಳಿದ್ದಳು: “ಆ ಮನೆಯಿಂದ ನನ್ನನ್ನ ಯಾರೂ ಕಳಿಸಿಕೊಡ್ಲಿಲ್ಲ ಎಗೋನ್. ಕೈಗಾಡಿ ತಳ್ಕೊಂಡು ಕದ್ದೋಳ ಹಾಗೆ ಬಂದೆ. ನನ್ನನ್ನ ಅಲ್ಲಿಂದ ಹೊರಡಿಸು. ಜಾಗ ನಿನಗೆ ಗೊತ್ತಲ್ಲ, ಕೆಳಗೇ ಇದ್ದೋನು.”

ಅವನು ಹೂಂ ಅಂದಿದ್ದ. ಇನ್ನೇನು ಅನ್ನುವುದಕ್ಕಿತ್ತು?

*

“ಅಪ್ಪಾ, ನಿಲ್ಲು ಸ್ವಲ್ಪ.” ಮಗಳು ಕೆರ್ಸ್ಟಿನ್ ಫೋನು ಹಿಡಿದು ಹಿಂದಿನಿಂದ ಬಂದಳು. “ಹಳೇ ಊರಿನ ನಕ್ಷೆ ಇದರಲ್ಲಿದೆ. ಈಗಿನದರ ಮೇಲೆ ಇಟ್ಟು ನೋಡಿದೆ.”

“ಏನನ್ನತ್ತೆ ಅದು?”

“ಅಜ್ಜಿ ಮನೆ...” ಅವಳು ತಲೆಯೆತ್ತಿ ನೋಡಿ ಧ್ವನಿ ತಗ್ಗಿಸಿದಳು. “ಅಲ್ಲಿ. ಗಂಡಸರ ಶೌಚಾಲಯ.”

ಪೆಟ್ಟಿಗೆ ಹೊತ್ತವರಲ್ಲಿ ಯಾರೋ ಕೆಮ್ಮಿದರು.

“ನೆಲ ಕುಸಿದು, ತುಂಬಿ, ಸರಿದು ಎಲ್ಲಾ ಆಗಿದೆ ಮಗಾ,” ಎಂದ ರೂಡಿ. “ನಿನ್ನ ಫೋನಿಗೇನು ಗೊತ್ತು? ಮೇಲಿನ ಊರು ಹೋಯ್ತು. ಕೆಳಗಿಂದು ಈಗ್ಲೂ ಹಾಗೇ ಇದೆ, ನೀರು ತುಂಬಿದೆ ಅಷ್ಟೇ. ಕೆಳಗಿನಿಂದ ಹೋಗ್ಬೇಕು. ಬಾರೋ ಎಗೋನ್.”

ಹಳೆಯ ಬಾವಿಗಣಿಯ ಬಾಯಿ ಇದ್ದಲ್ಲಿ ಈಗ ಒಂದು ನೆನಪಿನ ಕಲ್ಲಿತ್ತು. ರೂಡಿ ಅದಕ್ಕೆ ಬೆನ್ನು ಕೊಟ್ಟು ನಿಂತು ಕಣ್ಣು ಮುಚ್ಚಿದ. ಮುಚ್ಚಿಕೊಂಡೇ ನಡೆಯತೊಡಗಿದ. ಹಿಮದ ಬಿಳಿ ಬಯಲಿನಲ್ಲಿ ಎಂಬತ್ತು ದಾಟಿದ ಮುದುಕ ಸುರಂಗದಲ್ಲಿ ಹೋಗುವವನ ಹಾಗೆ ಇಲ್ಲದ ಗೋಡೆಯನ್ನು ಒಂದು ಕೈಯಿಂದ ಸವರುತ್ತ ಹೋದ. ಎಗೋನ್ ಅವನ ಪಕ್ಕಕ್ಕೆ ಸೇರಿಕೊಂಡ.

“ಇದು ಮುಖ್ಯ ಸುರಂಗ. ಇಲ್ಲಿ ಮೇಲೆ ಚರ್ಚು. ಈಗ ಬಲಕ್ಕೆ... ಒದ್ದೆ ಮೂಲೆ. ಹುಷಾರು, ತಲೆ!”

ರೂಡಿ ತೆರೆದ ಆಕಾಶದ ಕೆಳಗೆ ತಟ್ಟನೆ ತಲೆ ಬಗ್ಗಿಸಿದ. ಎಗೋನನೂ ಬಗ್ಗಿಸಿದ. ಆದರೆ ಒಂದು ಗಳಿಗೆ ತಡವಾಗಿ, ರೂಡಿಯನ್ನು ನೋಡಿಕೊಂಡು. ಆ ಮೂಲೆಯಲ್ಲಿ ನಿಜವಾಗಿ ಒಮ್ಮೆ ತಲೆ ಒಡೆದುಕೊಂಡವನು ಇನ್ನೊಬ್ಬನನ್ನು ನೋಡಿ ಬಗ್ಗುವುದಿಲ್ಲ.

ರೂಡಿ ಕಣ್ಣು ಬಿಟ್ಟ. ಗೆಳೆಯನ ಕಡೆ ತಿರುಗಿ, ಹಿಂದಿನವರಿಗೆ ಕೇಳದಂತೆ ಅಂದ: “ಲೋ. ಐವತ್ನಾಲ್ಕರಲ್ಲಿ ನೀನು ಪಂಪಿನ ಹತ್ರ ಇದ್ಯಲ್ವಾ?”

“ಬಾಯ್ಮುಚ್ಚು.”

“ನಾನು ಯಾವತ್ತೂ ಬಾಯಿ ಬಿಟ್ಟಿಲ್ಲ. ಆದ್ರೆ ಇವತ್ತು ಎಲ್ಲಿ ಇಳಿಸ್ತೀಯ ಅವಳನ್ನ?”

“ನೀನು ಹೇಳು. ನೀನು ಇದ್ಯಲ್ಲ ಕೆಳಗೆ.”

ರೂಡಿ ಸುತ್ತ ನೋಡಿ, ಕೋಲಿನಿಂದ ಮೀನುಕೊಳದ ನಡುವೆ ತೋರಿಸಿದ. ಕೊಳ ಹೆಪ್ಪುಗಟ್ಟಿತ್ತು, ಆದರೆ ಆರು ಜನ, ಒಂದು ಓಕ್ ಪೆಟ್ಟಿಗೆಯನ್ನು ತಡೆಯುವಷ್ಟಲ್ಲ. ಎಗೋನ್ ಪೆಟ್ಟಿಗೆಯ ಕಡೆ ತಿರುಗಿ ನೋಡಿದ. ಗೆರ್ಡಾ ಕೊನೆಗೆ ಒಂದೇ ಒಂದು ಕೆಲಸ ಹೇಳಿಹೋಗಿದ್ದಳು.

ಅಷ್ಟರಲ್ಲಿ ಇಲ್ಸೆ ಬಂದು ಮುಟ್ಟಿದಳು. ಹಳೇ ಬೇಕರಿಯ ಮಗಳು, ಗೆರ್ಡಾಳ ಬಾಲ್ಯದ ಪಕ್ಕದ ಮನೆಯವಳು. ನಡಿಗೆಗೆ ಆಸರೆಯಾದ ಗಾಲಿಗಾಡಿ ಹಿಮದಲ್ಲಿ ಹೂತುಕೊಂಡು ಹಿಂದುಳಿದಿದ್ದಳು.

“ಏನಂತೆ ಇವನ ಪಂಚಾಯ್ತಿ?” ಎಂದಳು ಏದುಸಿರಿನಲ್ಲಿ.

“ಇಲ್ಸೆ, ನೀನಾದ್ರೂ ಹೇಳು,” ಎಂದ ರೂಡಿ. “ಎಲ್ಲಿತ್ತು ಇವರ ಮನೆ?”

“ನಮ್ಮನೆ ಪಕ್ಕ.”

“ನಿಮ್ಮನೆ ಎಲ್ಲಿತ್ತು?”

“ಅವರ ಮನೆ ಪಕ್ಕ. ನನ್ನನ್ನೇನು ಕೇಳ್ತೀರಾ? ಗುಡ್ಡ ಇದ್ದಲ್ಲಿ ಕೊಳ ಮಾಡಿದೀರಿ, ಹಳ್ಳ ಇದ್ದಲ್ಲಿ ಗಿರಣಿ ಇಟ್ಟಿದೀರಿ.” ಅವಳು ಗಾಡಿಯ ಸೀಟಿನ ಮೇಲೆ ಕೂತು ಎಗೋನನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಏನಪ್ಪಾ, ಕಾಫಿ ಸದ್ದು ಕೇಳಿಸಿಕೊಂಡೋನು? ಒಂದು ಹೇಳಲಾ? ಅವರ ಮನೇಲಿ ಕಾಫಿ ಬೀಸೋ ಗಿರಣಿನೇ ಇರ್ಲಿಲ್ಲ.”

ಎಗೋನ್ ಕೋಲಿನ ತುದಿಯಿಂದ ಹಿಮ ಕೆದಕಿದ.

“ನಮ್ಮಿಂದ ಎರವಲು ತಗೊಂಡು ಹೋಗೋರು. ಅದೂ ಹಬ್ಬಕ್ಕೆ. ಕಾಫಿ ಎಲ್ಲಿತ್ತು ಆಗ? ಬಾರ್ಲಿ ಕಷಾಯ ಕುಡ್ಕೊಂಡಿದ್ವಿ.”

“ಅವಳಿಗೆ...”

“ಗೊತ್ತಿಲ್ದೆ ಇರತ್ತಾ? ಅವಳ ಮನೆ ಅದು! ಕುಣಿತ ಮುಗಿಸಿ ಸೀದಾ ಬಂದು ನನ್ನ ಎಬ್ಬಿಸಿದ್ಲು. ‘ಇಲ್ಸೆ, ಒಬ್ಬ ಸಿಕ್ಕಿದ್ದ, ಎಂಥಾ ಸುಳ್ಳ ಅಂತೀಯ, ಇಲ್ಲದ ಗಿರಣಿ ಸದ್ದು ಕೇಳಿಸ್ತಂತೆ’ ಅಂತ ಹೊಟ್ಟೆ ಹಿಡ್ಕೊಂಡು ನಕ್ಳು. ಆಮೇಲೆ ಅತ್ಲು. ‘ಬಾಕಿಯೋರೆಲ್ಲ ಹೋಗ್ಲಿ ಬಿಡು, ಹಳೇ ಮನೆ ತಾನೆ ಅಂದ್ರು. ಇವನೊಬ್ಬ ಅಲ್ಲಿ ಒಲೆ ಉರೀತಿರೋ ಹಾಗೆ ಮಾತಾಡ್ದ’ ಅಂದ್ಲು.”

ಹಿಮ ಮತ್ತೆ ಸಣ್ಣಗೆ ಬೀಳತೊಡಗಿತ್ತು. ಟ್ರೋಗರ್ ಗಡಿಯಾರ ನೋಡಿದ, ಆಮೇಲೆ ನೋಡಿದ್ದಕ್ಕೆ ನಾಚಿ ಕೈಯನ್ನು ಜೇಬಿಗೆ ಹಾಕಿಕೊಂಡ.

ಎಗೋನ್ ಕೊಳದ ಕಡೆ ಹೋಗಲಿಲ್ಲ. ಫೋನು ತೋರಿಸಿದ ಕಡೆಗೂ ಹೋಗಲಿಲ್ಲ. ಗಾಲ್ಫಿನ ಕೊನೆಯ ಗುಳಿಯನ್ನು ದಾಟಿ, ಬೇಲಿಯ ಪಕ್ಕದ ತಮ್ಮ ಭಾನುವಾರದ ಬೆಂಚಿನ ತನಕ ನಡೆದು, ಅದರ ಮೇಲಿನ ಹಿಮವನ್ನು ಕೈಗವುಸಿನಿಂದ ಸರಿಸಿದ, ಇಬ್ಬರು ಕೂರುವಷ್ಟು. ಆಮೇಲೆ ಅದರ ಮುಂದಿನ ನೆಲಕ್ಕೆ ಕೋಲು ಊರಿದ.

“ಇಲ್ಲೇ.”

ಎಲ್ಲರೂ ರೂಡಿಯ ಮುಖ ನೋಡಿದರು. ಕೆಳಗಿನ ಊರಿಗೆ ಉಳಿದಿದ್ದ ಸಾಕ್ಷಿ ಅವನೊಬ್ಬನೇ.

ರೂಡಿ ಕೊಳವನ್ನೊಮ್ಮೆ ನೋಡಿದ. ಬೆಂಚನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

“ಹೌದು, ಹೌದು. ಇಲ್ಲೇ. ನಂಗೂ ಕೇಳಿಸ್ತಿತ್ತು.”

“ನಮ್ಮ ಗಿರಣಿ ಸದ್ದು ಸ್ವಲ್ಪ ಜೋರೇ ಇತ್ತು,” ಎಂದಳು ಇಲ್ಸೆ.

ಆರು ಜನ ಬಂದು ನಿಂತರು. ನಲ್ಲಿಯವನು ಟೋಪಿ ಸರಿಮಾಡಿಕೊಂಡು ಸನ್ನೆ ಕೊಟ್ಟ. ಪೆಟ್ಟಿಗೆ ಮೆಲ್ಲನೆ ಹಿಮಕ್ಕೆ ಇಳಿಯಿತು. ಹಿಮ ಕರಕ್ ಎಂದು ಒತ್ತಿಕೊಂಡಿತು. ಎತ್ತಿದರು.

ಮತ್ತೆ ಅದೇ ಜಾಗಕ್ಕೆ ಇಳಿಸಿದರು. ಕೆರ್ಸ್ಟಿನ್ ಬಾಯಿಗೆ ಕೈ ಅಡ್ಡ ಹಿಡಿದಳು. ಎತ್ತಿದರು.

ಮೂರನೆಯದಕ್ಕೆ ನಲ್ಲಿಯವನು ಮೊಣಕಾಲು ಮಡಚುವಷ್ಟರಲ್ಲಿ ಎಗೋನ್ ಕೋಲನ್ನು ಅಡ್ಡ ಹಿಡಿದ.

“ಸಾಕು.”

“ಎರಡೇ ಆಗಿದ್ದು ತಾತ.”

“ನಂಗೆ ಎಣಿಸೋಕೆ ಬರತ್ತೆ.”

“ಅಪ್ಪಾ, ಮೂರನೇದೇ ಅಲ್ವಾ ಮುಖ್ಯ?” ಎಂದಳು ಕೆರ್ಸ್ಟಿನ್. “ಇಲ್ದಿದ್ರೆ ವಾಪಸ್...” ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಎಗೋನ್ ಕೈಗವುಸು ತೆಗೆದು, ಬರಿಗೈಯನ್ನು ಪೆಟ್ಟಿಗೆಯ ಮೇಲಿಟ್ಟ. ಗಣಿಗೆ ಹೋಗುತ್ತಿದ್ದಷ್ಟು ವರ್ಷ ಬಾಗಿಲಲ್ಲಿ ಕೇಳಿಸಿಕೊಂಡಿದ್ದ ಮಾತನ್ನು ಮೊದಲ ಸಲ ಅವನು ಹೇಳಬೇಕಾಗಿತ್ತು, ಕೆಳಗೆ ಇಳಿಯುವವಳು ಈಗ ಅವಳಾದ್ದರಿಂದ.

“ಗ್ಲ್ಯುಕ್ ಔಫ್, ಗೆರ್ಡಾ.”

ಮೆರವಣಿಗೆ ಚರ್ಚಿನ ಗುಡ್ಡದ ಕಡೆ ತಿರುಗಿತು. ಪೆಟ್ಟಿಗೆ ಎರಡು ಸಲ ಕೂತಲ್ಲಿ ಹಿಮ ಗಟ್ಟಿಯಾಗಿ, ಉದ್ದಕ್ಕೆ, ಅಂಚು ಕತ್ತರಿಸಿದಂತೆ ಒಂದು ಹೊಸ್ತಿಲ ಕಲ್ಲಿನ ಹಾಗೆ ಬೆಳ್ಳಗೆ ಉಳಿದಿತ್ತು. ಟ್ರೋಗರ್ ಅದನ್ನು ಬಳಸಿಕೊಂಡು ಹೋದ. ಕೆರ್ಸ್ಟಿನ್ ಬಳಸಿಕೊಂಡು ಹೋದಳು. ಇಲ್ಸೆಯ ಗಾಡಿಯನ್ನು ರೂಡಿ ಎತ್ತಿ ಆಚೆ ಇಟ್ಟ.

ಎಗೋನ್ ಕೊನೆಗೆ ಬಂದ. ಅದರ ಮುಂದೆ ನಿಂತು, ಟೋಪಿ ತೆಗೆದು, ಕೋಲಿನಿಂದ ಎಡಗಾಲಿನ ಬೂಟಿಗೆ ತಟ್ಟಿ ಹಿಮ ಉದುರಿಸಿದ, ಬಲಗಾಲಿನದನ್ನೂ ಉದುರಿಸಿದ. ಆಮೇಲೆ ಅದನ್ನು ತುಳಿಯದೆ, ಕಾಲೆತ್ತಿ ದಾಟಿದ.