ನೀರು ಕುದಿಯುವವರೆಗೆ

ಕೊಡಲಿಯ ಹಿಂಬದಿಯಿಂದ ಮೂರನೆಯ ಏಟು ಬಿದ್ದಾಗ ಮರ ಖಾಲಿ ಪೀಪಾಯಿಯ ಹಾಗೆ ಬೊಂಬ್ ಎಂದಿತು. ಜಾಗದಕ್ಕ ಕಾಂಡಕ್ಕೆ ಕಿವಿ ಹಚ್ಚಿ ಆ ಸದ್ದು ಅಡಗುವವರೆಗೆ ನಿಂತಿದ್ದು, ಆಮೇಲೆ ಕತ್ತೆತ್ತಿದಳು. ನಾಲ್ಕಾಳೆತ್ತರದಲ್ಲಿ ಮರ ಕವಲೊಡೆದಿತ್ತು. ಒಂದು ಕವಲು ಹಸಿರಾಗಿತ್ತು. ಇನ್ನೊಂದು, ಎಮ್ಮೆಯ ಮೈಯಷ್ಟು ದಪ್ಪದ್ದು, ತೊಗಟೆ ಕಳಚಿಕೊಂಡು ಮೂಳೆಯ ಬಣ್ಣಕ್ಕೆ ತಿರುಗಿತ್ತು.

"ಇಲ್ಲಿ ಬೇಡ," ಅಂದಳು.

ಮರ ಕಡಿಯುವ ಆ ಹದಿನೆಂಟು ಜನರ ತಂಡಕ್ಕೆ ಊರೆಂಬುದಿರಲಿಲ್ಲ. ಕಂಪನಿಯ ಲಾರಿ ಇಳಿಸಿದ ಕಾಡಿನಲ್ಲಿ ಎರಡು ತಿಂಗಳು ಡೇರೆ, ಆಮೇಲೆ ಮತ್ತೊಂದು ಕಾಡು. ಡೇರೆಗೆ ನೆಲ ಹುಡುಕುವುದು ಅವಳ ಪಾಲಿನ ಕೆಲಸ; ಅದಕ್ಕೇ ಅವಳು ಎಲ್ಲರಿಗೂ ಜಾಗದಕ್ಕ. ಪೊದೆಯ ಕವಲಿಗೆ ಸಿಕ್ಕ ಒಣಕಸ ನೋಡಿ ಹಳ್ಳದ ನೀರು ಹಿಂದೆ ಎಷ್ಟೆತ್ತರ ಬಂದಿತ್ತೆಂದು ಹೇಳುತ್ತಿದ್ದಳು. ಬರಿಗಾಲಲ್ಲಿ ನಡೆದು ಮಣ್ಣಿನಡಿಯ ತೇವ ಹೇಳುತ್ತಿದ್ದಳು. ಡೇರೆಯ ಮೇಲೆ ಬೀಳಬಲ್ಲ ಒಂದೊಂದು ಮರವನ್ನೂ ತಟ್ಟಿ ಮಾತಾಡಿಸುತ್ತಿದ್ದಳು. ತಂಡಕ್ಕೊಂದು ಕಟ್ಟಳೆಯಿತ್ತು: ಜಾಗ ಆರಿಸಿದವರು ಮೊದಲ ಗೂಟ ಹೊಡೆಯುವ ಮುಂಚೆ ಅಲ್ಲೇ ಅಂಗಾತ ಮಲಗಬೇಕು, ಒಂದು ಪಾತ್ರೆ ನೀರು ಕುದಿಯುವವರೆಗೆ. ಕೆಳಗಿನದು ಬೆನ್ನಿಗೆ ತಿಳಿಯಲಿ, ಮೇಲಿನದು ಕಣ್ಣಿಗೆ ಬೀಳಲಿ ಅಂತ.

ಹೋದ ಸಲ ಅವಳು ಜ್ವರ ಬಂದು ಲಾರಿಯ ಹಿಂದೆ ಬಿದ್ದುಕೊಂಡಿದ್ದಳು. ಮೇಸ್ತ್ರಿ ಕೂತಲ್ಲಿಂದಲೇ ಬೆರಳು ತೋರಿಸಿ ಡೇರೆ ಹಾಕಿಸಿದ್ದ. ಯಾರೂ ಮಲಗಿ ನೋಡಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಗಾಳಿಯೂ ಇಲ್ಲದ ಹೊತ್ತಿನಲ್ಲಿ ಕೊಂಬೆ ಬಿತ್ತು. ಅಡಿಯಲ್ಲಿ ತಟ್ಟೆ ಹಿಡಿದು ಕೂತಿದ್ದವಳು ಅವಳ ಒಡಹುಟ್ಟಿದ ಅಕ್ಕ. ಎತ್ತಲು ಆರು ಜನ ಬೇಕಾಯಿತು. ಸಿಕ್ಕಿದ್ದನ್ನು ಡೇರೆಯ ಬಟ್ಟೆಯಲ್ಲೇ ಕಟ್ಟಿ ಹೂತರು. ಊಟದ ಹೊತ್ತಾದ್ದರಿಂದ ಕೆಲಸದ ಮೇಲೆ ಸತ್ತದ್ದಲ್ಲ ಎಂದು ಕಂಪನಿ ಕಾಗದದಲ್ಲಿ ಬರೆದು ಕೈ ತೊಳೆದುಕೊಂಡಿತು. ಆ ಮಧ್ಯಾಹ್ನವೇ ಮೇಸ್ತ್ರಿ ಮತ್ತೆ ಕೆಲಸಕ್ಕೆ ಸೀಟಿ ಊದಿದ್ದ.

ಈಗ ಅವನು ಈ ಟೊಳ್ಳು ಮರದ ಸತ್ತ ಕೊಂಬೆಯ ಕೆಳಗೆ ಲಾರಿ ನಿಲ್ಲಿಸಿ, ಬಾನೆಟ್ಟಿಗೆ ಒರಗಿದ್ದ. ಕೈಯಲ್ಲಿ ದಿಮ್ಮಿ ಅಳೆಯುವ, ತುದಿಗೆ ಕಬ್ಬಿಣ ಹೊಡೆದ ಕೋಲು.

"ಮತ್ತೆಲ್ಲಿ ಬೇಕಮ್ಮ ನಿಂಗೆ? ಅರಮನೆ ಕಟ್ಟಿಸ್ಲಾ?"

"ಮೇಲೆ, ದಿಬ್ಬದಲ್ಲಿ. ನೆಲ ಗಟ್ಟಿ ಇದೆ, ಪಕ್ಕದಲ್ಲೇ ನೀರಿದೆ, ಸುತ್ತ ಎಳೇ ಮರ. ಬೆಳಿಗ್ಗೇನೇ ನೋಡ್ಕೊಂಡು ಬಂದಿದೀನಿ."

"ಹತ್ತೋಕೆ ಅರ್ಧ ಗಂಟೆ, ಇಳಿಯೋಕೆ ಅರ್ಧ ಗಂಟೆ. ಕಂಪನಿ ನಿಮ್ಮನ್ನ ಕರ್ಕೊಂಡು ಬಂದಿರೋದು ಮರ ಕಡಿಯೋಕೆ, ಹವಾ ತಿನ್ನೋಕಲ್ಲ. ಡೇರೆ ಇಲ್ಲೇ."

"ಆ ಕೊಂಬೆ ಸತ್ತಿದೆ."

"ಅರ್ಧ ಮರ ಹಸಿರಾಗಿದೆ. ಕಣ್ಣು ಕಾಣಲ್ವಾ?"

ಒಲೆಗೆ ಕಲ್ಲು ಜೋಡಿಸುತ್ತಿದ್ದ ಅಡುಗೆಯಜ್ಜಿ ತಲೆಯೆತ್ತದೆ ಅಂದಳು: "ನಿನ್ನ ಹಲ್ಲೂ ಅರ್ಧ ಬೆಳ್ಳಗಿವೆ ಮೇಸ್ತ್ರಿ. ಹಾಗಂತ ನೀನು ಬಾಯಿ ತೆರೆದ್ರೆ ಹತ್ತಿರ ನಿಲ್ಲೋಕಾಗತ್ತಾ?"

ಯಾರೋ ಕಿಸಕ್ಕೆಂದರು. ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಅಜ್ಜಿಯನ್ನು ಹೊಡೆದರೆ ಮರ್ಯಾದೆ ಹೋಗುತ್ತಿತ್ತು. ಅವನ ಕಣ್ಣು ಜಾಗದಕ್ಕನ ಭಾವನ ಮೇಲೆ ಬಿತ್ತು. ಹೋದ ಸಲದ ಕೊಂಬೆಯಡಿ ಹೆಂಡತಿಯನ್ನು ಕಳೆದುಕೊಂಡಂದಿನಿಂದ ಭಾವ ಬಾಯಿಗೆ ಬೀಗ ಹಾಕಿಕೊಂಡಿದ್ದ. ಈಗ ಅವನು ಇಳಿಸಿದ್ದ ಡೇರೆಯ ಕಟ್ಟನ್ನು ಮತ್ತೆ ಹೆಗಲಿಗೇರಿಸುತ್ತಿದ್ದ.

"ಇಳಿಸೋ ಅದನ್ನ."

ಭಾವ ಇಳಿಸಲಿಲ್ಲ. ಮೇಸ್ತ್ರಿಯ ಕೋಲು ಅಡ್ಡಡ್ಡಲಾಗಿ ಬೀಸಿ ಬಂದು ಅವನ ಬಾಯಿಗೆ ಬಡಿಯಿತು. ಹಸಿ ಟೊಂಗೆ ಮುರಿದ ಸದ್ದು. ಅವನು ಮೊಣಕಾಲೂರಿ ಕೂತ. ಬಾಯಿಗೆ ಹಿಡಿದ ಅಂಗೈಯೊಳಕ್ಕೆ ರಕ್ತದ ಜೊತೆ ಎರಡು ಹಲ್ಲು ಬಂದವು. ಅವುಗಳನ್ನು ನೋಡಿ, ಜೇಬಿಗೆ ಹಾಕಿಕೊಂಡ. ಮೇಸ್ತ್ರಿ ಬೆನ್ನಿಗೆ ಇನ್ನೊಂದು ಬಿಗಿದ. ಹದಿನೆಂಟು ಕೊಡಲಿಗಳಿದ್ದವು ಅಲ್ಲಿ. ಒಂದೂ ಮೇಲೇಳಲಿಲ್ಲ. ಕೆಲಸ ಹೋದರೆ ಮುಂದಿನ ಕಾಡು ಯಾರೂ ತೋರಿಸುವುದಿಲ್ಲ ಅನ್ನುವುದು ಎಲ್ಲರ ಮುಖದಲ್ಲೂ ಬರೆದಿತ್ತು.

"ಆಯ್ತು, ಇಲ್ಲೇ ಹಾಕೋಣ," ಅಂದಳು ಜಾಗದಕ್ಕ. "ಜಾಗ ಆರಿಸಿದೋನು ನೀನು. ಮಲಗು."

"ಏನು?"

"ಕಟ್ಟಳೆ. ನೀರು ಕುದಿಯೋವರೆಗೆ ಮಲಗು. ನೀನೆದ್ದ ಮೇಲೆ ಮೊದಲನೇ ಗೂಟ ನಾನೇ ಹೊಡೀತೀನಿ."

ಮೇಸ್ತ್ರಿ ನಕ್ಕ. ಬೇರೆ ಯಾರೂ ನಗಲಿಲ್ಲ. ಲಾರಿಯ ಡ್ರೈವರು ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಮಲಗಿಬಿಡಿ ಮೇಸ್ತ್ರಿ. ಹಾಸಿಗೆ ಬಿಟ್ಟಿ, ನೆರಳು ಬಿಟ್ಟಿ," ಅಂದ. ಈಗ ಮಲಗದಿದ್ದರೆ ಹೆದರಿದನೆಂದಾಗುತ್ತಿತ್ತು. ಮೇಸ್ತ್ರಿ ಕೊಂಬೆಯ ನೇರಕ್ಕೆ, ಹುಲ್ಲಿನ ಮೇಲೆ ಅಂಗಾತ ಮಲಗಿ ಕೋಲನ್ನು ಎದೆಯ ಮೇಲಿಟ್ಟುಕೊಂಡ.

ಅಜ್ಜಿ ಒಲೆಯ ಮೇಲಿಟ್ಟದ್ದು ಪಾತ್ರೆಯನ್ನಲ್ಲ; ಹದಿನೆಂಟು ಜನಕ್ಕೆ ಬೇಯಿಸುವ ಹಂಡೆಯನ್ನು. ಅಂಚಿನವರೆಗೂ ನೀರು ಸುರಿದಳು. "ಚಿಕ್ಕ ಪಾತ್ರೆ ಎಲ್ಲಿಟ್ನೋ, ಹಾಳು ಮರೆವು," ಅಂದು ಹಸಿ ಸೌದೆಯನ್ನೇ ಆರಿಸಿ ತುರುಕಿದಳು. ಹೊಗೆ ಎದ್ದಿತು, ಉರಿ ಏಳಲಿಲ್ಲ.

ಜಾಗದಕ್ಕ ಮರದ ಬುಡಕ್ಕೆ ಹೋಗಿ ಕೊಡಲಿಯ ಹಿಂಬದಿ ತಿರುಗಿಸಿ ಹೊಡೆದಳು. ಬೊಂಬ್.

"ಏನ್ ಮಾಡ್ತಿದೀಯ?"

"ಮರ ತಟ್ಟಿ ನೋಡ್ತಿದೀನಿ. ದಿನಾ ಮಾಡೋದೇ."

ಟೊಳ್ಳು ಮರದ ಗುಟ್ಟು ಅವಳಿಗೆ ಗೊತ್ತಿತ್ತು. ಅಲ್ಲಿ ಬಲ ಮುಖ್ಯವಲ್ಲ. ಏಟಿಗೆ ಕೊಂಬೆ ತೂಗಿ ಹೋಗುತ್ತದೆ. ತೂಗಿ ವಾಪಸು ಬರುವ ಹೊತ್ತಿಗೆ ಸರಿಯಾಗಿ ಇನ್ನೊಂದು ಏಟು ಬೀಳಬೇಕು, ಮಗುವಿನ ಉಯ್ಯಾಲೆ ತಳ್ಳಿದ ಹಾಗೆ. ಎರಡನೆಯದು ಹೊಡೆದಳು. ಮೇಲಿಂದ ಪುಡಿ ಉದುರಿ ಮೇಸ್ತ್ರಿಯ ಕಣ್ಣಿಗೆ ಬಿತ್ತು. ಮೂರನೆಯದಕ್ಕೆ ಅಂಗೈಯಗಲದ ತೊಗಟೆ ಅವನ ತೊಡೆಯ ಪಕ್ಕ ಬಿತ್ತು. ಅವನು ಮೊಣಕೈಯೂರಿ ಅರ್ಧ ಎದ್ದ.

ಭಾವನ ಕೊಡಲಿ ಅವನ ಕಿವಿಯ ಪಕ್ಕದ ನೆಲದಲ್ಲಿ ಕಚಕ್ಕನೆ ಕೂತಿತು. ಮೇಲೆ ರಕ್ತ ಸುರಿಯುವ ಬಾಯಿ. ಹತ್ತಿರ ಹತ್ತಿರ ಎರಡು ತಿಂಗಳಾದ ಮೇಲೆ ಆ ಬಾಯಿಂದ ಹೊರಟ ಮೊದಲ ಮಾತು: "ಇನ್ನೂ ಕುದ್ದಿಲ್ಲ."

ಮೇಸ್ತ್ರಿ ಮಲಗಿದ. ಅವನ ಪ್ಯಾಂಟಿನ ಮುಂಭಾಗ ಒದ್ದೆಯಾಯಿತು. ಜಾಗದಕ್ಕ ನಾಲ್ಕನೆಯದು ಹೊಡೆದಳು. ಇದು ತಟ್ಟುವ ಏಟಲ್ಲವೆಂದು ಅವಳ ತೋಳಿಗೆ ಗೊತ್ತಿತ್ತು. ಅಕ್ಕನ ತಟ್ಟೆ ಕಣ್ಣಿಗೆ ಕಟ್ಟಿತು. ಅಂದು ಕೊಂಬೆ ಎತ್ತಿದಾಗ ಅದು ಕಾಗದದ ಹಾಗೆ ಮಡಿಚಿಕೊಂಡಿತ್ತು. ಐದನೆಯದು. ಕವಲಿನಲ್ಲಿ ಲಟಲಟ ಎಂದು ಏನೋ ಬಿಟ್ಟುಕೊಂಡಿತು. ಇನ್ನೊಂದು ಸಾಕು. ಕೊಂಬೆ ತೂಗಿ ಹೋಯಿತು. ಅವಳು ಕೊಡಲಿ ಎತ್ತಿದಳು. ಕೊಂಬೆ ವಾಪಸು ಬರತೊಡಗಿತು. ಕೆಳಗೆ ಬಿದ್ದವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ, ಬೆರಳ ಸಂದಿಯಿಂದ ಎಂಥದೋ ಕುಂಯ್ಗುಡುವ ಸದ್ದು.

ಕೊಂಬೆ ಬಂದು ಹೋಯಿತು. ಕೊಡಲಿ ಎತ್ತಿದ ಹಾಗೇ ಇತ್ತು.

"ಏಳು," ಅಂದಳು. "ಎದ್ದು ಹೋಗು."

ಅವನು ಉರುಳಿ ಎದ್ದ. ಎದ್ದವನು ಓಡಲಿಲ್ಲ, ಕೋಲೆತ್ತಿ ನೇರ ಅವಳ ಕಡೆ ನುಗ್ಗಿದ. ಅವಳು ಅಡ್ಡ ಒಡ್ಡಿದ ಬಲಗೈಯ ಮಣಿಕಟ್ಟಿಗೆ ಕಬ್ಬಿಣದ ತುದಿ ಬಡಿದು, ಮೂಳೆ ಮುರಿದದ್ದು ಹಂಡೆಯ ಬಳಿಯವರೆಗೂ ಕೇಳಿಸಿತು. ಎರಡನೆಯ ಏಟಿಗೆ ಅವನು ಕೈ ಎತ್ತುವಷ್ಟರಲ್ಲಿ ಭಾವ ಕೋಲು ಕಸಿದು ಅವನ ಮಂಡಿಗೆ ಬಾರಿಸಿದ. ಇನ್ನೊಬ್ಬ ಒದ್ದ. ಆಮೇಲೆ ಯಾರು ಯಾರೆಂದು ಲೆಕ್ಕವಿರಲಿಲ್ಲ. ಹದಿನೈದು ವರ್ಷ ಅವನು ಊದಿದ ಸೀಟಿಯ ಸದ್ದೆಲ್ಲ ಅವರ ಕಾಲುಗಳಿಗೆ ಇಳಿದಿತ್ತು.

"ಸಾಕು," ಅಂದಳು ಜಾಗದಕ್ಕ, ಕೈಯನ್ನು ಎದೆಗವಚಿಕೊಂಡು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಸಾಕು ಅಂದೆ. ಬಿಸಿಲಿಳಿಯೋದ್ರೊಳಗೆ ದಿಬ್ಬ ಹತ್ತಬೇಕು."

ಕಾಲುಗಳು ನಿಂತವು. ಒಬ್ಬೊಬ್ಬರಾಗಿ ಡೇರೆಯ ಕಟ್ಟುಗಳನ್ನು ಹೆಗಲಿಗೇರಿಸಿದರು. ಅಜ್ಜಿ ಹಂಡೆಯ ನೀರನ್ನು ಒಲೆಗೆ ಬಗ್ಗಿಸಿದಳು.

"ನಾಳೆ ಕಂಪನಿ ಜೀಪು ಬರತ್ತೆ," ಅಂದ ಭಾವ, ಅರ್ಧ ದಾರಿಯಲ್ಲಿ.

"ಬರ್ಲಿ. ಹದಿನೆಂಟು ಜನಾನೂ ಒಂದೇ ಜೀಪಲ್ಲಿ ತುಂಬ್ತಾರಾ?" ಅಂದಳು ಅಜ್ಜಿ.

ದಿಬ್ಬದ ಮೇಲೆ ಜಾಗದಕ್ಕ ಎಳೆಯ ಮರಗಳನ್ನು ಎಡಗೈಯಿಂದ ಒಂದೊಂದಾಗಿ ತಟ್ಟಿದಳು. ಅವು ಗಟ್ಟಿಯಾಗಿ, ಚಿಕ್ಕದಾಗಿ ಮಾತಾಡಿದವು. ಆಮೇಲೆ ಊದಿಕೊಂಡ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅಂಗಾತ ಮಲಗಿದಳು. ಅಜ್ಜಿಗೆ ಚಿಕ್ಕ ಪಾತ್ರೆ ಸಿಕ್ಕಿತ್ತು. ಒಣ ಪುಳ್ಳೆ ಚಟಚಟ ಉರಿಯಿತು.

ಕೆಳಗಿನಿಂದ ಎಂಜಿನ್ನಿನ ಸದ್ದು ಬಂತು. ಎಲ್ಲರೂ ದಿಬ್ಬದ ಅಂಚಿಗೆ ಹೋಗಿ ನಿಂತರು. ಮೇಸ್ತ್ರಿ ಒಂದು ಕಾಲು ಎಳೆಯುತ್ತ, ಘಳಿಗೆಗೊಮ್ಮೆ ಕತ್ತೆತ್ತಿ ಕೊಂಬೆಯನ್ನು ನೋಡುತ್ತ, ಡ್ರೈವರಿಗೆ ಕೈಬೀಸುತ್ತಿದ್ದ. ಲಾರಿ ಮರದ ಕೆಳಗಿನಿಂದ ಮೆಲ್ಲಗೆ ಹಿಂದಕ್ಕೆ ಸರಿದು ಬಯಲಿಗೆ ಬಂದು ನಿಂತಿತು.

"ಬಾ, ನೋಡು," ಎಂದು ಭಾವ ಕರೆದ.

ಅವಳು ಏಳಲಿಲ್ಲ. ನೀರಿಗೆ ಇನ್ನೂ ಕುದಿ ಬಂದಿರಲಿಲ್ಲ.