ಎಲೆಯ ಮೇಲೆ ಉಳಿದ ಕೊನೆಯ ತುಂಡು

ಶಾಲೆಯನ್ನು ಅರ್ಧಕ್ಕೆ ಬಿಟ್ಟವರಿಗೆಂದು ನಮ್ಮೂರ ಸಭಾಮನೆಯಲ್ಲಿ ಶನಿವಾರ ಮಧ್ಯಾಹ್ನ ತರಗತಿ ನಡೆಯುತ್ತದೆ. ಪಾಠ ಹೇಳಲು ಗಿಲ್ಡಾ ಮೇಡಂ ಪಟ್ಟಣದಿಂದ ದೋಣಿಯಲ್ಲಿ ಬರುತ್ತಾರೆ. ನಾನು ಬಿಬಿಂಗ್ಕಾ ಒಯ್ಯುತ್ತೇನೆ. ಚಿಕ್ಕಮ್ಮನೂ ನಾನೂ ಬೇಯಿಸಿ ಮಾರುವ ಅಕ್ಕಿಹಿಟ್ಟಿನ ಕೇಕು ಅದು. ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸಬೇಕು.

ಎಲ್ಲರೂ ತಿನ್ನುತ್ತಾರೆ. ಆದರೆ ಬಾಳೆಲೆಯ ಮೇಲಿನ ಕೊನೆಯ ತುಂಡನ್ನು ಮುಟ್ಟಲು ಎಲ್ಲರಿಗೂ ನಾಚಿಕೆ. ನೀವು ತಗೊಳ್ಳಿ, ಬೇಡ ನೀವೇ ತಗೊಳ್ಳಿ ಎನ್ನುತ್ತ ಎನ್ನುತ್ತ ಅದು ಇರುವೆಗಳ ಪಾಲಾಗುತ್ತದೆ.

ಆ ಶನಿವಾರ ಮೇಡಂ ಹಲಗೆಯ ಮೇಲೆ ‘ರಿಸ್ಟ್ರೇಂಟ್’ ಎಂದು ಬರೆದರು.

“ಅಂದ್ರೆ ತನ್ನನ್ನ ತಾನು ತಡೆದುಕೊಳ್ಳೋದು. ಎಲ್ಲಿ, ಇದನ್ನ ಹಾಕಿ ಒಂದೊಂದು ವಾಕ್ಯ ಹೇಳಿ ನೋಡೋಣ.”

ಮೀನು ಹಿಡಿಯುವ ತಿಬೋ ಅಣ್ಣ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. “ನಿನ್ನೆ ತೆಂಗಿನ ಹೆಂಡದ ಮುಂದೆ ನಾನು ರಿಸ್ಟ್ರೇಂಟ್ ತೋರಿಸ್ದೆ.”

“ಯಾವಾಗ, ಗಡಿಗೆ ಖಾಲಿ ಆದ್ಮೇಲಾ?” ಎಂದಳು ಮೀನು ಮಾರುವ ಪಾಸಿಂಗ್ ಅಕ್ಕ.

“ಮತ್ತೆ? ಇದ್ದಾಗ ಯಾರು ಎದ್ದು ಬರ್ತಾರೆ?”

ಮೇಡಂ ಕೂಡ ನಕ್ಕುಬಿಟ್ಟರು. “ಹಾಗಾದ್ರೆ ಆ ಪದ ಅಲ್ಲಿ ಕೂರಲ್ಲ, ತಿಬೋ ಅಣ್ಣ. ಗಡಿಗೇಲಿ ಹೆಂಡ ಇರ್ಬೇಕು, ನಿಮ್ಮ ಕೈ ಅಲ್ಲಿಗೆ ಹೋಗೋ ಹಾಗೂ ಇರ್ಬೇಕು. ಅಷ್ಟಿದ್ದೂ ನೀವೇ ಸಾಕು ಅಂದ್ರೆ, ಆಗ ಬಳಸಿ.”

“ಸರಿ, ನಾನು ಹೇಳ್ತೀನಿ,” ಎಂದಳು ಪಾಸಿಂಗ್ ಅಕ್ಕ, ನನ್ನತ್ತ ಕೈ ತೋರಿಸಿ. “ಲೊರ್ದಿತಾಗೆ ರಿಸ್ಟ್ರೇಂಟ್ ಇದೆ. ಬೇಯಿಸೋಳು ಇವಳೇ, ಕೊನೇ ತುಂಡು ಇವಳು ಮುಟ್ಟಿದ್ದು ನಾನಂತೂ ನೋಡಿಲ್ಲ.”

ಮೇಡಂ ಸರಿಯೆಂದು ತಲೆಯಾಡಿಸಿದರು. ಎಲ್ಲರೂ ನನ್ನತ್ತ ತಿರುಗಿದ್ದರಿಂದ ನಾನು ನೆಲ ನೋಡಿದೆ.

ತರಗತಿ ಮುಗಿದಾಗ ಮೇಡಂ ಇನ್ನೊಂದು ಮಾತು ಹೇಳಿದರು. ಪಟ್ಟಣದ ಬೇಕರಿಯಲ್ಲಿ ಆರು ತಿಂಗಳು ಕೆಲಸ ಕಲಿಸುತ್ತಾರಂತೆ. ಊಟ, ವಸತಿ ಅವರದೇ. ನಮ್ಮೂರಿಗೆ ಒಂದೇ ಜಾಗ.

ಆ ಬೇಕರಿ ನನಗೆ ಗೊತ್ತು. ಪಟ್ಟಣಕ್ಕೆ ಹೋದಾಗಲೆಲ್ಲ ಅದರ ಗಾಜಿನ ಹೊರಗೆ ನಿಂತು ಹಿಟ್ಟು ನಾದುವವರ ಕೈಗಳನ್ನು ನೋಡುತ್ತಿದ್ದೆ. ಒಳಗೆ ಹೋಗಿ ಒಂದು ಬನ್ನು ಕೇಳಿದವಳಲ್ಲ.

“ನೀನು ಹೋಗು, ಪಾಸಿಂಗ್,” ಎಂದ ತಿಬೋ ಅಣ್ಣ.

“ನಾನು ಹೋದ್ರೆ ನಿನ್ನ ಮೀನು ಯಾರು ಮಾರ್ತಾರೆ? ನಿನ್ನ ಹೆಂಡತೀನ ಕಳ್ಸು.”

“ಅವಳು ಹೋದ್ರೆ ನಂಗೆ ಅನ್ನ ಹಾಕೋರ್ಯಾರು?”

ಜಾಗ ಹೀಗೆ ಒಬ್ಬರಿಂದ ಒಬ್ಬರಿಗೆ ಸರಿಯುತ್ತ ಹೋಯಿತು. ಮೇಡಂ ಕೊಡೆ ಎತ್ತಿಕೊಂಡರು. “ಯಾರೂ ಇಲ್ಲಾಂದ್ರೆ ಪಕ್ಕದೂರಿಗೆ ಕೊಟ್ಬಿಡ್ತೀನಿ.”

ಎಲೆಯ ಮೇಲೆ ಕೊನೆಯ ತುಂಡು ಹಾಗೇ ಇತ್ತು. ಇರುವೆಗಳು ಅದರ ಅಂಚು ಮುಟ್ಟಿದ್ದವು. ನನ್ನ ಕೈಗಳು ಮಡಿಲಲ್ಲಿದ್ದವು. ಅವು ಆ ತುಂಡಿನವರೆಗೆ ಹೋಗಿ ಸಾಕೆಂದು ಹಿಂದೆ ಬಂದದ್ದು ಒಂದು ದಿನವೂ ಇಲ್ಲ. ಮಡಿಲು ಬಿಟ್ಟು ಹೊರಟದ್ದೇ ಇಲ್ಲ. ಪಾಸಿಂಗ್ ಅಕ್ಕನ ವಾಕ್ಯವೂ ತಪ್ಪು; ನನ್ನದು ತಡೆದುಕೊಳ್ಳುವುದಲ್ಲ, ಬರೀ ನಾಚಿಕೆ. ಅದು ತಪ್ಪೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತು.

ಮೇಡಂ ಹೊಸ್ತಿಲು ದಾಟುತ್ತಿದ್ದರು. ಎದ್ದು ನಿಂತೆ.

“ಮೇಡಂ, ನಾನು ಹೋಗ್ತೀನಿ.”

ಅವರು ತಿರುಗಿದರು.

“ನಿಜವಾಗ್ಲೂ?” ಮೇಡಂ ಕೇಳಿದರು.

“ನಂಗೆ ತುಂಬಾ ದಿನದಿಂದ ಆಸೆ.”

“ಸೋಮವಾರ ಬೆಳಗಿನ ದೋಣಿಗೆ ಬಾ, ಹಾಗಾದ್ರೆ.”

“ನಿನ್ನ ಚಿಕ್ಕಮ್ಮನ ಹತ್ರ ನಾನು ಮಾತಾಡ್ತೀನಿ,” ಎಂದಳು ಪಾಸಿಂಗ್ ಅಕ್ಕ. “ಆದ್ರೂ ನನ್ನ ವಾಕ್ಯ ಕೆಡಿಸಿಬಿಟ್ಯಲ್ಲೇ ಹುಡುಗಿ.” ಬಾಳೆಲೆಯನ್ನು ನನ್ನತ್ತ ತಳ್ಳಿದಳು. “ತಗೋ, ಇದನ್ನೂ ಮುಗಿಸು.”

ಇರುವೆಗಳನ್ನು ಊದಿ, ಎಲ್ಲರೂ ನೋಡುತ್ತಿರುವಾಗಲೇ ತಿಂದೆ. ತಣ್ಣಗಾಗಿತ್ತು, ಮೇಲ್ಭಾಗ ಸ್ವಲ್ಪ ಸೀದಿತ್ತು. ಮೇಲಿನ ಕೆಂಡವನ್ನು ಯಾವಾಗ ತೆಗೆಯಬೇಕೆಂದು ನನಗೆ ಇನ್ನೂ ಸರಿಯಾಗಿ ತಿಳಿಯದು. ಸೋಮವಾರ ಅಲ್ಲಿ ಮೊದಲು ಅದನ್ನೇ ಕೇಳಬೇಕು.