ಇನ್ನೂರಕ್ಕೆ ಮೂರು ಹೆಚ್ಚು

"ಸ್ವಲ್ಪ ಎತ್ತಿ, ಎತ್ತಿ! ಗೋಡೆಗೆ ತಾಗ್ತದೆ ಮಾರಾಯ್ರೆ, ತಲೆಯ ಬದಿ ಮೊದಲು ತಿರುಗಿಸಿ," ಎಂದು ಗುಣಪಾಲರು ಮೇಲಿನ ಮೆಟ್ಟಿಲಿನಿಂದ ಕೂಗಿದರು.

ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಡೊಂಬಿವಲಿ ಪೂರ್ವದ ಆ ಹಳೆಯ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅದನ್ನು ಕಟ್ಟಿದವನು ಬದುಕಿರುವವರು ಹತ್ತಿ ಇಳಿಯುವುದನ್ನಷ್ಟೇ ತಲೆಯಲ್ಲಿಟ್ಟುಕೊಂಡಿದ್ದ. ಹಿಂದಿನ ಮೂಲೆ ಹಿಡಿದಿದ್ದ, ತೀರಿಕೊಂಡವರ ಮಗ ಮನೀಷನ ಕೈ ಜಾರಿತು. ಕೆಳಗಿನಿಂದ ಏದುಸಿರು ಬಿಡುತ್ತ ಬರುತ್ತಿದ್ದ ನಿಶ್ಮಿತಾ ಹಿಂದುಮುಂದು ನೋಡದೆ ಆ ಮೂಲೆಗೆ ಭುಜ ಕೊಟ್ಟಳು.

"ಛೋಡ್‌ನಾ ಮತ್, ಪ್ಲೀಸ್," ಕೈ ಬಿಡಬೇಡಿ ಎಂದು ಹಿಂದಿಯಲ್ಲಿ ಬೇಡಿಕೊಂಡ ಮನೀಷ್. ಅವಳು ಯಾರೆಂದು ಅವನಿಗೆ ಗೊತ್ತಾಗಲಿಲ್ಲ.

ಹನ್ನೊಂದು ವರ್ಷ ಮೋಹನದಾಸ ಮಾಸ್ಟ್ರ ಮುಖ ನೋಡದೆ ಇದ್ದವಳು ಹೀಗೆ ಅವರನ್ನು ಹೊತ್ತುಕೊಂಡೇ ಅವರ ಮನೆಯೊಳಗೆ ಕಾಲಿಟ್ಟಳು.

ಮಾಸ್ಟ್ರು ಡೊಂಬಿವಲಿಯ ಕನ್ನಡ ಶಾಲೆಯ ಪಿ.ಟಿ. ಮಾಸ್ಟ್ರು. ನಿವೃತ್ತರಾಗಿ ಎಂಟು ವರ್ಷ ಕಳೆದಿದ್ದರೂ ಭಾನುವಾರ ಬಂತೆಂದರೆ ಮೈದಾನಕ್ಕೆ ಹೋಗಿ ಹುಡುಗಿಯರಿಗೆ ಖೊಖೊ ಹೇಳಿಕೊಡುತ್ತಿದ್ದರು. ಶುಕ್ರವಾರ ಎದೆನೋವು ಎಂದರು. ಕಲ್ಯಾಣದ ಆಸ್ಪತ್ರೆಗೆ ಸೇರಿಸಿದರು. ಭಾನುವಾರ ಬೆಳಗ್ಗೆ ಮುಗಿದೇ ಹೋಯಿತು. ಘಣಸೋಲಿಯ ಬಾಡಿಗೆ ಮನೆಯಲ್ಲಿದ್ದ ನಿಶ್ಮಿತಾಳ ಮೊಬೈಲಿಗೆ ಹಳೆಯ ವಿದ್ಯಾರ್ಥಿಗಳ ಗುಂಪಿನಿಂದ ಸುದ್ದಿ ಬಂದಿತ್ತು. ಒಂದು ದಿನ ಹೋಗಿ ಮಾತಾಡಿಸಬೇಕು ಎಂದು ಅವಳು ಅಂದುಕೊಂಡದ್ದು ಒಂದೆರಡು ಸಲವಲ್ಲ. ಯಾವ ಮುಖ ಹೊತ್ತು ಹೋಗುವುದು ಎಂದು ಪ್ರತಿ ಸಲವೂ ಸುಮ್ಮನಾಗುತ್ತಿದ್ದಳು. ಅವಳಿಗೆ ಅವರಲ್ಲಿ ಒಂದೇ ಒಂದು ಮಾತು ಕೇಳಬೇಕಿತ್ತು. ಆಮೇಲೆ, ಉತ್ತರ ಏನೇ ಬರಲಿ, ತಾನು ಅಂದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು.

ಈಗ ಅವರು ಚಾಪೆಯ ಮೇಲೆ ಮಲಗಿದ್ದರು, ಮೂಗಿಗೆ ಹತ್ತಿ ಇಟ್ಟುಕೊಂಡು.

*

2006ರಲ್ಲಿ ನಿಶ್ಮಿತಾ ಹತ್ತನೇ ತರಗತಿಯಲ್ಲಿದ್ದಳು, ಖೊಖೊ ತಂಡದ ನಾಯಕಿ. ಕಂಬ ತಿರುಗುವಾಗ ಅವಳ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಎಂದು ಗೆಳತಿಯರು ಬಗ್ಗಿ ನೋಡುತ್ತಿದ್ದರು.

ಡೊಂಬಿವಲಿ ಸುತ್ತಮುತ್ತಲಿನ ಅಂತರಶಾಲಾ ಪಂದ್ಯಾಟದಲ್ಲಿ ಮೊದಲೆಲ್ಲ ಗುಂಪು ಗಿಂಪು ಇರಲಿಲ್ಲ. ಚೀಟಿ ಎತ್ತಿದಾಗ ಯಾರ ಎದುರು ಬಂತೋ ಅವರ ಎದುರು ಆಡಬೇಕು. ಕನ್ನಡ ಶಾಲೆಯ ನಸೀಬಿಗೆ ಪ್ರತಿ ವರ್ಷ ಯಾವುದಾದರೊಂದು ಭಾರಿ ಶಾಲೆ ಬರುತ್ತಿತ್ತು. ಹುಡುಗಿಯರು ಊಟದ ಹೊತ್ತಿಗೆ ಸೋತು ಮನೆ ಸೇರುತ್ತಿದ್ದರು. ಮಾಸ್ಟ್ರು ಮೂರು ವರ್ಷ ಬಿಡದೆ ಪಂದ್ಯಾಟ ಸಮಿತಿಗೆ ಅರ್ಜಿ ಬರೆದರು. ಸಮಿತಿಯ ಕಾರ್ಯದರ್ಶಿ ಇದೇ ಗುಣಪಾಲರು, ಮಾಸ್ಟ್ರ ಊರಿನ ಕಡೆಯವರು. ಅರ್ಜಿಯ ಒಂದು ಮಾತು ಶಾಲೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು: 'ಅವರು ಎರಡು ಸಾವಿರದ ನಾನೂರು ಮಕ್ಕಳಲ್ಲಿ ಹನ್ನೆರಡು ಮಂದಿಯನ್ನು ಆರಿಸುತ್ತಾರೆ. ನಾವು ಆರಿಸುವುದಿಲ್ಲ, ಇದ್ದವರನ್ನು ಕರೆದುಕೊಂಡು ಬರುತ್ತೇವೆ.'

ಕೊನೆಗೂ ಸಮಿತಿ ಮಣಿಯಿತು. ಹಾಜರಿ ಪುಸ್ತಕದಲ್ಲಿ ಇನ್ನೂರು ಅಥವಾ ಅದಕ್ಕಿಂತ ಕಡಿಮೆ ಹೆಸರಿದ್ದರೆ ಸಣ್ಣ ಶಾಲೆಗಳ ಗುಂಪು, ಹೆಚ್ಚಿದ್ದರೆ ದೊಡ್ಡ ಗುಂಪು. ಎರಡೂ ಗುಂಪುಗಳಲ್ಲಿ ಗೆದ್ದ ಒಂದೊಂದು ತಂಡಕ್ಕೆ ಜಿಲ್ಲಾ ಮಟ್ಟದಲ್ಲಿ ಆಡುವ ಅವಕಾಶ. ನಿಶ್ಮಿತಾ ಜಿಲ್ಲೆಯ ಜರ್ಸಿಯ ಬಣ್ಣ ಯಾವುದಿರಬಹುದು ಎಂದು ಗಣಿತದ ಪೀರಿಯಡ್ಡಿನಲ್ಲಿ ಯೋಚಿಸುತ್ತಿದ್ದಳು. ಸಣ್ಣ ಗುಂಪಿನಲ್ಲಿ ಅವರಿಗೆ ಸಮಾನ ಅನ್ನುವ ತಂಡ ಅಂಬರನಾಥದ್ದು ಒಂದೇ. ಅದನ್ನೂ ಅಭ್ಯಾಸದ ಆಟದಲ್ಲಿ ಎರಡು ಸಲ ಮಣ್ಣು ಮುಕ್ಕಿಸಿದ್ದರು.

ನವೆಂಬರ್ ಕೊನೆಗೆ ಹೆಸರುಗಳನ್ನು ಎಣಿಸಿದರು. ಇನ್ನೂರ ಮೂರು.

ಆ ಮೂರು ಯಾರೆಂದು ಇಡೀ ಶಾಲೆಗೆ ಗೊತ್ತಿತ್ತು. ಯಾದಗಿರಿ ಕಡೆಯ ಗಾರೆ ಕೆಲಸದ ಗೌಂಡಿಯೊಬ್ಬನ ಮೂರು ಮಕ್ಕಳು ದಸರೆಗೆ ಊರಿಗೆ ಹೋದವರು ತಿರುಗಿ ಬಂದಿರಲಿಲ್ಲ. ಅವರ ಬೆಂಚುಗಳ ಮೇಲೆ ಬೇರೆಯವರು ಬ್ಯಾಗು ಇಡುತ್ತಿದ್ದರು. ಹೆಸರು ಹೊಡೆದು ಹಾಕಿದರೆ ಆಯಿತಲ್ಲ ಎಂದು ಹೆಡ್‌ಮಾಸ್ಟ್ರೇ ಹೇಳಿದರು. ಹಾಜರಿ ಪುಸ್ತಕ ಇದ್ದದ್ದು ಶಾಲೆಯ ದಾಖಲೆಗಳನ್ನೂ ನೋಡಿಕೊಳ್ಳುತ್ತಿದ್ದ ಮೋಹನದಾಸ ಮಾಸ್ಟ್ರ ಕೈಯಲ್ಲಿ.

"ಇನ್ನೂರ ಮೂರು ಅಂದ್ರೆ ಇನ್ನೂರ ಮೂರೇ," ಎಂದರು ಮಾಸ್ಟ್ರು. ಯಾಕೆ ಎಂದು ಕೇಳಿದರೆ ಅದಕ್ಕಿಂತ ಹೆಚ್ಚು ಒಂದಕ್ಷರ ಬಿಚ್ಚಲಿಲ್ಲ.

ತಂಡ ದೊಡ್ಡ ಗುಂಪಿಗೆ ಬಿತ್ತು. ಮೊದಲ ಸುತ್ತಿನಲ್ಲೇ ಒಂದು ಇನಿಂಗ್ಸ್ ಮತ್ತು ಒಂಬತ್ತು ಅಂಕದ ಸೋಲು. ಎದುರಿನ ಹುಡುಗಿಯರಿಗೆ ಒಂದೇ ಬಣ್ಣದ ಬೂಟು, ಇಬ್ಬರು ಕೋಚು, ನೀರು ಕೊಡಲು ಬೇರೆಯೇ ಜನ. ವಾರ ಕಳೆದ ಮೇಲೆ ಸಣ್ಣ ಗುಂಪಿನ ಕಪ್ಪು ಅಂಬರನಾಥಕ್ಕೆ ಹೋಯಿತು.

ಸೋತ ದಿನ ಮೈದಾನದ ಅಂಚಿನಲ್ಲಿ ಎಲ್ಲರೂ ಕೇಳುವ ಹಾಗೆ ನಿಶ್ಮಿತಾ ಅಂದಿದ್ದಳು: "ಇಲ್ಲದ ಮೂವರಿಗೋಸ್ಕರ ಇರುವ ಹನ್ನೆರಡು ಜನರನ್ನು ಮುಳುಗಿಸಿದ್ರಿ. ನೀವೇ ಮಾಡಿಸಿದ ರೂಲು, ಅದನ್ನು ಪಾಲಿಸಿ ನಿಮಗೆ ಒಳ್ಳೆಯವರು ಅನ್ನಿಸಿಕೊಳ್ಬೇಕಿತ್ತು, ಅಷ್ಟೇ. ನೀವು ನಮ್ಮ ಮಾಸ್ಟ್ರೇ ಅಲ್ಲ."

ಮಾಸ್ಟ್ರು ಬಗ್ಗಿ, ಹುಡುಗಿಯರ ನೀರಿನ ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡರು. ಆಮೇಲೆ ಅವಳು ಆಡಲಿಲ್ಲ, ಎಲ್ಲಿಯೂ.

*

ಮನೀಷನ ಅಕ್ಕ ವಡೋದರಾದಿಂದ ಬರುವ ತನಕ ಕಾಯಬೇಕಿತ್ತು. ಕುಳಿತವರಿಗೆ ಕೆಳಗಿನ ಹೋಟೆಲಿನಿಂದ ಚಹಾ ಬಂತು. ಗುಣಪಾಲರಿಗೆ ಸಾವಿನ ಮನೆಯಲ್ಲೂ ಬೈಠಕ್ ನಡೆಸುವ ಚಟ.

"ಸಣ್ಣ ಗುಂಪಿನ ಕಪ್ಪಿಗೆ ಮೋಹನದಾಸರ ಹೆಸರಿಡುವ ಅಂತ ಸಮಿತಿಯಲ್ಲಿ ಹೇಳ್ತೇನೆ," ಎಂದರು. "ನಿಶ್ಮಿತಾ, ಶೋಕಸಭೆಯಲ್ಲಿ ನೀನೇ ಮಾತಾಡ್ಬೇಕು. ಅಂಥ ಕ್ಯಾಪ್ಟನ್ ಶಾಲೆಗೆ ಮತ್ತೆ ಸಿಗ್ಲಿಲ್ಲ."

"ನಾನು ಬೇಡ ಸರ್," ಎಂದಳು ನಿಶ್ಮಿತಾ.

ಮಾಸ್ಟ್ರ ತಲೆಯ ಬಳಿ ಕುಳಿತಿದ್ದ ಹೆಂಡತಿ ಉಮಾವತಿ ಮುಖ ಎತ್ತಿದರು. "ಹೆಸರೆಲ್ಲ ಬೇಡ ಗುಣಪಾಲಣ್ಣ. ಹೋದ ತಿಂಗಳು ಅವರು ಕೊಟ್ಟ ಅರ್ಜಿ ಎಂತ ಆಯ್ತು ಹೇಳಿ."

"ಅಯ್ಯೋ, ಉಮಕ್ಕ, ಈಗ ಅದೆಂತಕ್ಕೆ?"

"ಶಾಲೆಯಲ್ಲಿ ಈಗ ಅರವತ್ತೊಂದು ಮಕ್ಕಳು. ನೂರತೊಂಬತ್ತು ಮಕ್ಕಳಿರುವ ಶಾಲೆಯ ಎದುರು ಆಡ್ಬೇಕು. ಇನ್ನೊಂದು ಗುಂಪು ಮಾಡಿ ಅಂತ ಕೇಳಿದ್ರು."

"ಗುಂಪು ಮಾಡ್ತಾ ಹೋದ್ರೆ ಕಡೆಗೆ ಶಾಲೆಗೊಂದು ಕಪ್ಪು ಕೊಡ್ಬೇಕಾದೀತು," ಎಂದರು ಗುಣಪಾಲರು. ಆಮೇಲೆ ತಗ್ಗಿದ ದನಿಯಲ್ಲಿ, "ಗೆರೆ ಎಲ್ಲಿ ಎಳೆದ್ರೂ ಒಬ್ಬರು ಅದರ ತಪ್ಪು ಬದಿಯಲ್ಲೇ ನಿಂತಿರ್ತಾರೆ. ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಈ ಸಲ ಹುಡುಗಿಯರು ಎಂಟೇ ಜನ. ಆಟಕ್ಕೆ ಒಂಬತ್ತು ಜನ ಇಲ್ಲದೆ ಹೆಸರು ಬರ್ಕೊಳ್ಳುದು ಹೇಗೆ? ಅದನ್ನೇ ಅವರಿಗೆ ಹೇಳ್ಲಿಕ್ಕೆ ಆಗದೆ ನಾನು ಫೋನು ತೆಗೆಯುದು ಬಿಟ್ಟಿದ್ದೆ," ಎಂದವರು ಕಣ್ಣೊರೆಸಿಕೊಂಡರು. ಬೈಠಕ್ ಅಲ್ಲಿಗೆ ಮುಗಿಯಿತು.

ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಸಿಮೆಂಟು ಹಿಡಿದ ಪ್ಯಾಂಟು ತೊಟ್ಟ ಒಬ್ಬ ನಡುವಯಸ್ಸಿನವ ಹೊಸ್ತಿಲಾಚೆಯೇ ಕೈ ಮುಗಿದು ನಿಂತಿದ್ದ.

"ಒಳಗೆ ಬನ್ನಿ ಹಣಮಂತ್ರಾಯರೇ," ಎಂದು ಉಮಾವತಿ ಕರೆದರು. "ಯಾರು ಹೇಳಿದ್ರು ನಿಮಗೆ?"

"ಮರಗಮ್ಮ ಹೇಳಿದ್ಳು ರೀ. ಮೊಬೈಲ್‌ದಾಗ ಬಂದದ್ದೆಲ್ಲ ಆಕೀನ ಓದಿ ಹೇಳ್ತಾಳ." ಅವನು ಬಂದು ಮಾಸ್ಟ್ರ ಕಾಲು ಮುಟ್ಟಿ, ನಿಶ್ಮಿತಾಳ ಪಕ್ಕ ಗೋಡೆಗೊರಗಿ ಕುಳಿತ. ಪಕ್ಕದವಳಿಗೆ ತನ್ನ ಪರಿಚಯ ಹೇಳಬೇಕು ಅನ್ನಿಸಿತೇನೋ. "ನನ್ನ ಮೂರೂ ಮಕ್ಕಳು ಇವರ ಸಾಲಿಯಾಗ ಇದ್ವು ರೀ, ಭಾಳ ವರ್ಷದ ಹಿಂದ."

ನಿಶ್ಮಿತಾ ಅವನ ಕಡೆ ತಿರುಗಿದಳು. "ದಸರೆಗೆ ಊರಿಗೆ ಹೋಗಿದ್ರಾ?"

"ಹೌದ್ರಿ. ಹೋದಾಗ ಹೆಣ್ತಿಗೆ ಜಡ್ಡಾತು. ಬಿಟ್ಟು ಬರಾಕ ಆಗಲಿಲ್ಲ. ಆಕಿ ಉಳೀಲಿಲ್ಲ ಬಿಡ್ರಿ. ಜೂನ್‌ದಾಗ ತಿರುಗಿ ಬರೋದ್ರಾಗ ದೊಡ್ಡಾಕಿದು ಲಗ್ನ ಆಗಿತ್ತು, ಹುಡುಗ ಕೆಲಸಕ್ಕ ಹತ್ತಿದ್ದ. ಸಣ್ಣಾಕಿ ಮರಗಮ್ಮನ್ನ ಕರಕೊಂಡು ಸಾಲಿಗೆ ಹೋದೆ. ಹೋದೆ ಖರೆ, ಒಳಗ ಹೋಗಾಕ ಧೈರ್ಯ ಆಗಲಿಲ್ಲ. ಕೈಯಾಗ ಒಂದು ಕಾಗದ ಇಲ್ಲ, ಎಂಟು ತಿಂಗಳು ಸಾಲಿ ಬಿಟ್ಟಾಕಿ. ಗೇಟಿನ ಹೊರಗ ನಿಂತಿದ್ವಿ. ಮಾಸ್ತರ್ ನೋಡಿ, 'ಇವಳ ಹೆಸರು ಉಂಟಲ್ಲ, ಹೊರಗೆ ಎಂತಕ್ಕೆ ನಿಂತದ್ದು?' ಅಂತ ಬೈದ್ರು ರೀ." ಅವನು ನಕ್ಕ, ನಗುತ್ತಲೇ ಅತ್ತ. "ಮೂರೂ ಹೆಸರು ಇಟ್ಟಿದ್ರು. ಒಬ್ಬಾಕಿಗೇ ಉಪಯೋಗ ಆತು. ಆಕೀನೂ ಹತ್ತನೆತ್ತ ಪಾಸ್ ಆಗಲಿಲ್ಲ, ಗಣಿತ ಉಳೀತು. ಆದ್ರ ಓದಾಕ ಬರ್ತದ್ರಿ."

ನಿಶ್ಮಿತಾ ಎದ್ದು ಅಡುಗೆಮನೆಗೆ ಹೋದಳು. ಲೋಟ ತೊಳೆಯುವ ನೆವದಲ್ಲಿ ನಲ್ಲಿ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಉಮಾವತಿ ಬಂದು ನಲ್ಲಿ ನಿಲ್ಲಿಸಿದರು.

"ಹೆಸರು ಹೊಡೆದ್ರೆ ಆ ಮಕ್ಕಳನ್ನು ಮತ್ತೆ ಸೇರಿಸುದು ಕಷ್ಟ ಅಂತ ಅವರಿಗೆ ಗೊತ್ತಿತ್ತು," ಎಂದರು.

"ಒಂದು ಮಾತು ನಮಗೆ ಹೇಳ್ಬಹುದಿತ್ತಲ್ಲ ಆಂಟಿ! ನಾನೇನು ಕಲ್ಲಾ? ಹೇಳಿದ್ರೆ ಅರ್ಥ ಆಗ್ತಿರ್ಲಿಲ್ವಾ?"

"ನಾನೂ ಅದನ್ನೇ ಕೇಳಿದ್ದೆ. 'ಆ ಮಕ್ಕಳಿಗೋಸ್ಕರ ಅಂತ ನಾನೇ ಹೇಳಿದ್ರೆ ಹುಡುಗಿಯರ ಸಿಟ್ಟೆಲ್ಲ ಅವುಗಳ ಮೇಲೆ ಹೋಗ್ತದೆ. ನಾಳೆ ಅವು ಬಂದು ಇವರ ಜೊತೆಗೇ ಕೂತ್ಕೊಳ್ಬೇಕು. ಬೈಯುದಾದ್ರೆ ನನ್ನನ್ನೇ ಬೈಯಲಿ' ಅಂದ್ರು." ಉಮಾವತಿ ಸೆರಗಿನಿಂದ ಒಂದು ಲೋಟ ಒರೆಸಿದರು. "ಅವರಿಗೆ ಸಮಾಧಾನ ಇತ್ತು ಅಂತ ತಿಳ್ಕೊಳ್ಬೇಡ. ಆ ಹನ್ನೆರಡು ಮಕ್ಕಳಿಗೆ ಅನ್ಯಾಯ ಮಾಡಿದೆ ಅಂತ ಊಟಕ್ಕೆ ಕೂತಾಗ ಎಷ್ಟೋ ಸಲ ಹೇಳಿದ್ದಾರೆ. ಪ್ರತಿ ಡಿಸೆಂಬರಿಗೆ ನಿನ್ನ ಅಮ್ಮನಿಗೆ ಫೋನ್ ಮಾಡ್ತಿದ್ರು. ನಿಶ್ಮಿತಾ ಒಂದು ಭಾನುವಾರ ಬರ್ತಾಳಾ, ಕಂಬ ತಿರುಗುದು ಅವಳ ಹಾಗೆ ನನಗೆ ತೋರಿಸ್ಲಿಕ್ಕೆ ಬರುದಿಲ್ಲ ಅಂತ."

ಆ ಫೋನುಗಳು ಬರುತ್ತಿದ್ದದ್ದು ನಿಶ್ಮಿತಾಳಿಗೆ ಗೊತ್ತಿತ್ತು. ಆಫೀಸು ಉಂಟು ಎಂದು ಹೇಳು ಎಂದು ಅಮ್ಮನಿಗೆ ಕೈಸನ್ನೆ ಮಾಡಿದವಳು ಅವಳೇ. ಭಾನುವಾರ ಯಾವ ಆಫೀಸು ಎಂದು ಮಾಸ್ಟ್ರು ಒಮ್ಮೆಯೂ ಕೇಳಿರಲಿಲ್ಲ. ಅವಳು ಉಮಾವತಿಯವರ ಹೆಗಲಿಗೆ ಹಣೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಬೇಕಾದದ್ದು ಒಂದು ಭಾನುವಾರ, ಒಂದೇ ಒಂದು. ಅದು ಇನ್ನು ಯಾರ ಕೈಯಲ್ಲೂ ಇರಲಿಲ್ಲ.

*

ಮೂರು ಗಂಟೆಗೆ ಮಾಸ್ಟ್ರನ್ನು ಮತ್ತೆ ಅದೇ ಮೆಟ್ಟಿಲುಗಳಲ್ಲಿ ಇಳಿಸಿದರು. ಈ ಸಲ ಹಣಮಂತ್ರಾಯ ತಿರುವಿನಲ್ಲಿ ನಿಂತು, ಕಟ್ಟಡ ಬಲ್ಲವನ ಗತ್ತಿನಲ್ಲಿ, ಎಷ್ಟು ವಾಲಿಸಬೇಕೆಂದು ಹೇಳಿದ, ಎಲ್ಲಿಯೂ ತಾಗಲಿಲ್ಲ. ಮನೆಯ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. "ನೀನು ಶಾಲೆಯ ತನಕ ಹೋಗು, ಅಲ್ಲಿ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸ್ತಾರೆ," ಎಂದು ಉಮಾವತಿ ನಿಶ್ಮಿತಾಳನ್ನು ಕಳಿಸಿದರು.

ಶಾಲೆ ಎರಡು ಗಲ್ಲಿ ಆಚೆ. ಶವವಾಹನ ನಿಧಾನಕ್ಕೆ ಹೋಯಿತು, ಜನ ಹಿಂದೆ ನಡೆದರು. ವಾಹನ ನಿಂತಾಗ ಗುಣಪಾಲರು ಹಿಂಬಾಗಿಲು ತೆರೆಸಿದರು. ಗೇಟಿನ ಒಳಗೆ ಹುಡುಗಿಯರು ಭಾನುವಾರದ ಅಭ್ಯಾಸಕ್ಕೆಂದು ಬಂದಿದ್ದರು. ಕೈಯಲ್ಲಿ ಹೂವಿಲ್ಲ, ಯಾರೂ ಏನೂ ಹೇಳಿಕೊಟ್ಟಿಲ್ಲ. ಮಾಸ್ಟ್ರು ಬಂದಾಗ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದ್ದರು. ಎರಡು ಕಂಬಗಳ ನಡುವೆ, ಒಬ್ಬಳು ರಸ್ತೆಯ ಕಡೆ, ಇನ್ನೊಬ್ಬಳು ಗೋಡೆಯ ಕಡೆ ಮುಖ ಮಾಡಿ, ತಮ್ಮ ತಮ್ಮ ಚೌಕದಲ್ಲಿ ಕುಳಿತಿದ್ದರು. ಎಂಟು ಚೌಕಕ್ಕೆ ಎಂಟು ಜನ. ಎದ್ದು ಓಡಬೇಕಾದವಳು ಇರಲಿಲ್ಲ.

ಯಾರೂ ಅಲ್ಲಾಡಲಿಲ್ಲ. ಆಟ ಶುರುವಾಗುವ ಹಾಗೂ ಇರಲಿಲ್ಲ, ಮುಗಿಯುವ ಹಾಗೂ ಇರಲಿಲ್ಲ.

ನಿಶ್ಮಿತಾ ಚಪ್ಪಲಿ ಬಿಟ್ಟು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಒಳಗೆ ಹೋದಳು. ಕಂಬದ ಹತ್ತಿರ ನಿಂತವಳನ್ನು ಮೊದಲ ಹುಡುಗಿ ತಲೆಯೆತ್ತಿ ನೋಡಿದಳು.

"ದೀದಿ, ನೀವು ಯಾರು?"

"ನಾನೂ ಇದೇ ಶಾಲೆ."

ಅವಳು ಓಡಿದಳು. ಮೊದಲ ನಾಲ್ಕು ಹೆಜ್ಜೆಗೆ ಮೊಣಕಾಲು ನೊಂದಿತು. ಆಮೇಲೆ ಕಾಲಿಗೆ ನೆನಪಾಯಿತು. ಗೋಡೆಗೆ ಮುಖ ಮಾಡಿ ಕುಳಿತಿದ್ದ ಆರನೆಯ ಹುಡುಗಿಯ ಬೆನ್ನಿಗೆ ಕೈ ತಾಗಿಸಿ, "ಖೊ!" ಎಂದು ಗಂಟಲು ಬಿರಿಯುವ ಹಾಗೆ ಕೂಗಿದಳು. ಹುಡುಗಿ ಚಂಗನೆ ಎದ್ದು ಓಡಿದಳು. ಅವಳು ಬಿಟ್ಟ ಚೌಕದಲ್ಲಿ ನಿಶ್ಮಿತಾ ಕುಳಿತಳು.

ಬೆನ್ನ ಹಿಂದೆ ರಸ್ತೆಯಲ್ಲಿ ವಾಹನದ ಬಾಗಿಲು ಹಾಕಿದ ಸದ್ದಾಯಿತು, ಇಂಜಿನ್ನು ಶುರುವಾಯಿತು. ಕುಳಿತವರು ಹಿಂದಕ್ಕೆ ತಿರುಗುವಂತಿಲ್ಲ. ಅವಳು ಬೆರಳುಗಳನ್ನು ಮಣ್ಣಿಗೆ ಊರಿ, ಎದುರಿನ ಗೋಡೆಯನ್ನೇ ನೋಡುತ್ತ, ಬೆನ್ನಿಗೆ ಒಂದು ಕೈ ಬೀಳುವುದನ್ನು ಕಾಯುತ್ತ ಕುಳಿತಳು.